ಪುಣ್ಯತಿಥಿಯ ರಕ್ತ

"ಬಸರಾಗೋ ಮುಂದ ನನ್ನ ಕೇಳಿ ಆಗ್ಯಾಳೇನಬೇ ನಿನ್ನ ಸೊಸಿ? ಈಗ ರಕ್ತ ಬೇಕಂತ ನನ್ನ ಹತ್ರ ಬಂದೀ?"

ಆಳುಗಳನ್ನು ದುಡಿಸುವ ಮುಕಾದಮ ಶಿವಪುತ್ರಪ್ಪ ಬಾಯಿ ತುಂಬ ಇದ್ದ ಗುಟ್ಕಾವನ್ನು ನನ್ನ ಕಾಲ ಬುಡಕ್ಕೇ ಉಗುಳಿದ. ಬೆಳಗಿನ ಏಳು ಗಂಟೆ. ಜೋಗೇಶ್ವರಿಯ ಕಟ್ಟಡದ ಸೈಟಿನ ಗೇಟಿನಲ್ಲಿ ಆಳುಗಳೆಲ್ಲ ನಿಂತು ಕೇಳುತ್ತಿದ್ದರು. ಹೊತ್ತು ಏರುವ ಮೊದಲೇ ಬೈಸಿಕೊಳ್ಳುವುದು ನಮಗೆ ಚಹಾ ಕುಡಿದಷ್ಟೇ ರೂಢಿ. ಆದರೆ ಅವತ್ತು ನಾನು ಎದುರು ನಿಂತೆ.

"ನಿಮ್ಮ ರಕ್ತ ಯಾಂವಗ ಬೇಕಾಗೇತ್ರಿ? ನಮ್ಮ ಮಂದಿ ರಕ್ತ ಕೊಟ್ಟಾಗ ಸಿಕ್ಕ ಕಾರ್ಡ ಅದಾವಲ್ಲ, ಅದ್ರಾಗ ನಾಕ ಕೊಡ್ರಿ."

"ಕಾರ್ಡ ಶೇಠಜೀ ಆಫೀಸಿನ್ಯಾಗ ಅದಾವ. ಇವತ್ತ ಐದನೇ ಮಾಳಿಗಿ ಸ್ಲ್ಯಾಬ್ ಐತಿ. ಘಮೇಲಾ ಎತ್ತಿದ್ರ ಎತ್ತು, ಇಲ್ಲಂದ್ರ ಖೋಲಿ ಖಾಲಿ ಮಾಡು. ಮುಂಜಾನೆದ್ದು ರಂಡಿ ಮಾರಿ ನೋಡಿದ್ರ ಕೆಲಸ ಹಿಂಗ ಆಗೂದು."

ರಂಡೆ ಅಂದದ್ದು ನನಗೆ. ನನ್ನ ಗಂಡ ಸತ್ತು ಹನ್ನೊಂದು ವರ್ಷವಾಯಿತು. ಈ ಶಿವಪುತ್ರಪ್ಪ ನಮ್ಮ ಸಿಂದಗಿ ಕಡೆಯವನೇ. ನಮ್ಮ ಭಾಷೆಯಲ್ಲೇ ಬೈಯುತ್ತಾನೆ, ಅದೊಂದೇ ಅವನು ಮಾಡಿದ ಉಪಕಾರ.

ಅವನ ಹತ್ತಿರ ಆಳು ಅಂದರೆ ಜೋಡಿ. ಗಂಡ ಹೆಂಡತಿ ಇಬ್ಬರೂ ದುಡಿದರೆ ತಗಡಿನ ಶೆಡ್ಡಿನಲ್ಲಿ ಒಂದು ಖೋಲಿ. ಒಬ್ಬರು ಮಲಗಿದರೆ ಜೋಡಿ ಮುರಿಯಿತು, ಖೋಲಿ ಬೇರೆಯವರಿಗೆ. ತಾಯಿ ಮಗನನ್ನು ಅವನು ಜೋಡಿ ಅಂತ ಒಪ್ಪುವುದಿಲ್ಲ. ನನ್ನ ಸೊಸೆ ಮಹಾದೇವಿಗೆ ಆರನೇ ತಿಂಗಳಲ್ಲೇ ರಕ್ತ ಹೋಗಲು ಶುರುವಾದಾಗ ನಮಗೆ ದಿಕ್ಕೇ ತೋಚಲಿಲ್ಲ. ಮಾಸು ಕೆಳಗೆ ಕೂತಿದೆ, ಕೂಸಿನ ದಾರಿಗೇ ಅಡ್ಡವಾಗಿದೆ, ಭಾರ ಎತ್ತಿದರೆ ತಾಯಿಯೂ ಇಲ್ಲ, ಕೂಸೂ ಇಲ್ಲ ಎಂದು ಡಾಕ್ಟರು ಹೇಳಿದರು. ಹಿಂದಿನ ಎರಡು ಕೂಸುಗಳನ್ನು ಆಗಲೇ ಮಣ್ಣಿಗೆ ಕೊಟ್ಟಿದ್ದೆವು.

ಪಕ್ಕದ ಖೋಲಿಯ ನಜಮುನ್ನೀಸಾ ಅವತ್ತು ಸಂಜೆ ಶೆಡ್ಡಿನ ಹೆಂಗಸರನ್ನೆಲ್ಲ ನಲ್ಲಿಯ ಹತ್ತಿರ ಕೂಡಿಸಿದಳು. "ಆಕೀ ಪಾಲಿನ ಘಮೇಲಾ ದಿನಾ ಒಬ್ಬೊಬ್ರು ಹೊರೂಣು. ಮುಕಾದಮಗ ಮಾಲು ಮ್ಯಾಲ ಹೋದ್ರ ಸಾಕು, ಯಾರ ತಲಿ ಮ್ಯಾಲ ಹೋತು ಅಂತ ಅವ ನೋಡೂದಿಲ್ಲ," ಎಂದಳು. ಎರಡು ತಿಂಗಳು ಹಾಗೇ ನಡೆಯಿತು. ತಮ್ಮ ಪಾಲಿನ ಕಾಂಕ್ರೀಟಿನ ಬುಟ್ಟಿ ಹೊತ್ತು, ಮೇಲೆ ಮಹಾದೇವಿಯದೂ ಹೊತ್ತರು. ಒಬ್ಬಳು ನೀರು ತಂದಿಟ್ಟರೆ ಒಬ್ಬಳು ಅವಳ ಬಟ್ಟೆ ಒಗೆಯುತ್ತಿದ್ದಳು. ಸಂಡಾಸಿನ ಡಬ್ಬ ಚೆಲ್ಲುವುದಕ್ಕೂ ಯಾರೂ ಮುಖ ಕಿವಿಚಲಿಲ್ಲ. ಹಡೆದ ತಾಯಿ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ.

ಹಿಂದಿನ ದಿನ ಮಧ್ಯಾಹ್ನ ಮತ್ತೆ ರಕ್ತ ಹೋಯಿತು. ಹಾಸಿಗೆ ತೊಯ್ದು ನೆಲಕ್ಕೆ ಇಳಿಯಿತು. ರಿಕ್ಷಾದಲ್ಲಿ ಹಾಕಿಕೊಂಡು ಊರಾಚೆಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ನಾಳೆ ಸಂಜೆಯೊಳಗೆ ಕೊಯ್ದು ತೆಗೆಯಲೇಬೇಕು, ನಾಲ್ಕು ಬಾಟಲಿ ರಕ್ತ ತಯಾರಿರಬೇಕು, ನಿಮ್ಮ ಮಂದಿ ಕೊಟ್ಟರೆ ಇಲ್ಲಿಂದ ನಿಮಗೆ ಕೊಡುತ್ತೇವೆ ಎಂದರು.

ಸುದ್ದಿ ಕೇಳಿದ್ದೇ ತಡ, ಕೆಲಸ ಬಿಟ್ಟು ಹನ್ನೆರಡು ಮಂದಿ ಬಂದರು. ರಕ್ತದ ಬ್ಯಾಂಕಿನಲ್ಲಿ ರಂಜನಾ ಅಂತ ಒಬ್ಬ ಮರಾಠಿ ಹೆಣ್ಣುಮಗಳಿದ್ದಳು. ಹೆಂಗಸರ ಬೆರಳು ಚುಚ್ಚಿ ನೋಡಿ, ನಿಮಗೇ ಬೇರೆಯವರ ರಕ್ತ ಹಾಕಬೇಕು, ಹೋಗಿ ಎಂದಳು. ಗಂಡಸರ ತೋಳು ನೋಡಿ ಕೇಳಿದಳು, ಈಚೆಗೆ ಎಲ್ಲಾದರೂ ರಕ್ತ ಕೊಟ್ಟಿದ್ದೀರಾ? ನಜಮುನ್ನೀಸಾಳ ಗಂಡ ಮುರ್ತುಜಾ ಹೌದು ಅಂದುಬಿಟ್ಟ. ಇಪ್ಪತ್ತು ದಿನದ ಹಿಂದೆ, ಸೈಟಿನಲ್ಲಿ.

"ಮೂರು ತಿಂಗಳು ಕೊಡಕ್ಕೆ ಬರಲ್ಲ," ಎಂದಳು ರಂಜನಾ ಹಿಂದಿಯಲ್ಲಿ. ಆಮೇಲೆ ನನ್ನ ಮುಖ ನೋಡಿ, "ಮೌಶಿ, ಆ ಕ್ಯಾಂಪಿಗೆ ನಮ್ಮ ಗಾಡಿಯೇ ಬಂದಿತ್ತು. ಕೊಟ್ಟವರಿಗೆಲ್ಲ ಕಾರ್ಡ್ ಕೊಟ್ಟಿದ್ದೀವಿ. ಒಂದು ಕಾರ್ಡ್ ತಂದರೆ ಒಂದು ಬಾಟಲಿ. ನಾಲ್ಕು ತನ್ನಿ, ಈಗಲೇ ಕೊಡ್ತೀನಿ," ಎಂದಳು.

ಒಂದು ಕಾರ್ಡೂ ನಮ್ಮ ಹತ್ತಿರ ಇರಲಿಲ್ಲ.

ಮಗನ ಕಾರ್ಡನ್ನು ಕಳೆದವಳು ನಾನೇ. ಬಿಲ್ಡರ್ ಶೇಠನ ಅಪ್ಪನ ಪುಣ್ಯತಿಥಿ ಅಂತ ಆ ಕ್ಯಾಂಪಿನ ದಿನ ಕೆಲಸ ನಿಲ್ಲಿಸಿ ಪೆಂಡಾಲು ಹಾಕಿದ್ದರು. ರಕ್ತ ಕೊಡದವನಿಗೆ ನಾಳೆಯಿಂದ ಕೆಲಸವಿಲ್ಲ ಎಂದು ಶಿವಪುತ್ರಪ್ಪ ದನ ಹೊಡೆದ ಹಾಗೆ ಗಂಡಸರನ್ನು ಸಾಲಿಗೆ ಹೊಡೆದ. ರಕ್ತ ಕೊಟ್ಟು ಎದ್ದವರ ಕೈಗೆ ನರ್ಸಮ್ಮ ಒಂದು ಕಾರ್ಡು ಕೊಟ್ಟಳು. ನಾಲ್ಕು ಹೆಜ್ಜೆ ಆಚೆ ಶಿವಪುತ್ರಪ್ಪ ಟೇಬಲ್ ಹಾಕಿಕೊಂಡು ಕೂತಿದ್ದ. ಕಾರ್ಡು ಕೊಟ್ಟರೆ ಸ್ಟೀಲಿನ ಊಟದ ಡಬ್ಬಿ. ಮದುವೆ ಮನೆಯ ಊಟದ ಕೂಪನ್ ಇರುತ್ತದಲ್ಲ, ಹಾಗೆ ಅಂದುಕೊಂಡೆವು ನಾವು. ಓದು ಬಂದಿದ್ದರೆ ತಾನೆ! ನನ್ನ ಮಗ ಕಾಶಿನಾಥ ತಲೆ ತಿರುಗಿ ಕೂತಿದ್ದ. ಅವನ ಕೈಯಿಂದ ಕಾರ್ಡು ಕಿತ್ತುಕೊಂಡು, "ಡಬ್ಬಿ ತೀರ್ತಾವ ಸರೀರಿ," ಎಂದು ಮಂದಿಯನ್ನು ನೂಕಿಕೊಂಡು ಓಡಿದವಳು ನಾನು. ಮೂವತ್ತೊಂದು ಜನರ ಮೂವತ್ತೊಂದು ಕಾರ್ಡು ಹೀಗೆ ಹೋದವು. ಅವರಪ್ಪನಿಗೆ ಸ್ವರ್ಗ, ನಮಗೆ ಡಬ್ಬಿ.

ಆ ಬೆಳಿಗ್ಗೆ ಬೈಸಿಕೊಂಡ ಮೇಲೆ ಗೇಟಿನಿಂದ ನಾನು ಸೀದಾ ಸೈಟ್ ಆಫೀಸಿಗೆ ಹೋದೆ. ನಜಮುನ್ನೀಸಾ ಹಿಂದೆಯೇ ಬಂದಳು. ಸೈಟಿನ ದೊಡ್ಡ ಸಾಹೇಬ ಹಿತೇಶ್ ಎಸಿ ಹಾಕಿಕೊಂಡು ಕೂತಿದ್ದ. ಹೊಸ್ತಿಲು ದಾಟಿದ ನಮ್ಮ ಕಾಲು ನೋಡಿ, "ಬಾಹರ್, ಬಾಹರ್ ಸೇ ಬೋಲೋ," ಎಂದ. ಆ ಟೈಲ್ಸು ಹೊತ್ತು ತಂದವರು ನಾವೇ. ಹೊರಗೆ ನಿಂತೇ ಹೇಳಿದೆ. ನನ್ನ ಹಿಂದಿ ಹರಕು ಮುರುಕು. ಸಾಹೇಬ್, ಬಹೂ ಮರ್ ಜಾಯೇಗೀ, ಸೊಸೆ ಸಾಯುತ್ತಾಳೆ, ಎಂಬಷ್ಟು ಮಾತ್ರ ಸರಿಯಾಗಿ ಬಂತು.

ಅವನ ಹಿಂದೆ ಶೇಠನ ಅಪ್ಪನ ಫೋಟೋ, ಗಂಧದ ಹಾರ. ಫೋಟೋದ ಕೆಳಗೆ ಕೆಂಪು ರಿಬ್ಬನ್ ಕಟ್ಟಿದ ಕಾರ್ಡಿನ ಕಟ್ಟು. ನನಗೆ ಅಲ್ಲಿಂದಲೇ ಕಾಣುತ್ತಿತ್ತು.

"ಭಾನುವಾರ ಫಂಕ್ಷನ್ ಇದೆ," ಎಂದ ಹಿತೇಶ್ ಹಿಂದಿಯಲ್ಲಿ. "ಶೇಠ್‌ಜೀ ಇದನ್ನ ಟ್ರಸ್ಟಿಗೆ ಅರ್ಪಣೆ ಮಾಡ್ತಾರೆ. ಮೂವತ್ತೊಂದು ಅಂತ ಬ್ಯಾನರ್ ಪ್ರಿಂಟ್ ಆಗಿದೆ. ಸೋಮವಾರ ಬಾ, ನೋಡೋಣ."

"ಸೋಮ್ವಾರ್ ತಕ್ ಓ ಮರ್ ಜಾತೀ ಸಾಬ್," ಎಂದಳು ನಜಮುನ್ನೀಸಾ.

ಅವನು ನಕ್ಕ. ನಕ್ಕು ಕೇಳಿದ, ದಾನ ಕೊಟ್ಟದ್ದನ್ನು ಯಾರಾದರೂ ವಾಪಸ್ ಕೇಳ್ತಾರಾ? ಪಾಪ ಬರಲ್ವಾ? ಹೀಗಂದು ಬಾಗಿಲು ಹಾಕಿಕೊಂಡ.

ಮೇಲೆ ಕಾಂಕ್ರೀಟು ಬೀಳಲು ಶುರುವಾಗಿತ್ತು. ಕೆಳಗೆ ಹೊಟ್ಟೆ ತಿರುಗಿಸುತ್ತ ಮೂರು ಲಾರಿ ನಿಂತಿದ್ದವು. ಪಂಪಿನ ಪೈಪಿನ ಬಾಯಿಯನ್ನು ಮುರ್ತುಜಾ ಮತ್ತು ನಾಲ್ಕು ಜನ ತಬ್ಬಿ ಹಿಡಿದಿದ್ದರು. ಪೈಪು ಮುಟ್ಟದ ಮೂಲೆಗಳಿಗೆ ನಾವು ಹೆಂಗಸರು ಸಾಲಾಗಿ ನಿಂತು ಘಮೇಲಾ ದಾಟಿಸುವುದು. ನಾನೂ ನಿಂತೆ. ಬೇರೆ ಏನು ಮಾಡಲಿ? ಹನ್ನೊಂದರ ಹೊತ್ತಿಗೆ ಆಸ್ಪತ್ರೆಯಿಂದ ಕಾಶಿನಾಥನ ಫೋನು ಬಂತು.

"ಯವ್ವಾ, ಮತ್ತ ಹೋಗಾಕತ್ತೈತಿ. ಡಾಕ್ಟರ ಕಾಯಾಕ ಆಗೂದಿಲ್ಲ ಅಂತಾರ. ಕಾರ್ಡ ಸಿಕ್ಕಾವೇನ?"

ಇಲ್ಲ ಅಂದೆ. ನಜಮುನ್ನೀಸಾ ನನ್ನ ಮುಖ ನೋಡಿದಳು. ತಲೆಯ ಮೇಲಿನ ಘಮೇಲಾ ಇಳಿಸಿ, ಕಾಂಕ್ರೀಟು ಅಲ್ಲೇ ಸುರಿದು, ಅದನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು. ಆಕೆಯ ಹಿಂದಿನವಳೂ ಕೂತಳು. ಅರ್ಧ ನಿಮಿಷದಲ್ಲಿ ಸಾಲಿಗೆ ಸಾಲೇ ಕೂತಿತ್ತು. ಮುರ್ತುಜಾ ಹೆಂಡತಿಯನ್ನು ನೋಡಿದ, ಕೈಯೆತ್ತಿ ಪಂಪಿನವನಿಗೆ ನಿಲ್ಲಿಸು ಎಂದು ಸನ್ನೆ ಮಾಡಿದ. ಪೈಪು ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಈ ಕಸುಬು ಗೊತ್ತಿದ್ದವರಿಗೆ ಗೊತ್ತು. ಆಳು ಉಪವಾಸ ಕಾಯುತ್ತಾನೆ, ಕಾಂಕ್ರೀಟು ಕಾಯುವುದಿಲ್ಲ. ಅರ್ಧ ಹಾಕಿ ಬಿಟ್ಟರೆ ಸ್ಲ್ಯಾಬು ಕೆಡುತ್ತದೆ, ಪೈಪಿನೊಳಗೇ ಗಟ್ಟಿಯಾದರೆ ಪೈಪು ಹೋಯಿತು. ಬಿಸಿಲು ಬೇರೆ ಸುಡುತ್ತಿತ್ತು.

ಶಿವಪುತ್ರಪ್ಪ ಏದುಸಿರು ಬಿಡುತ್ತ ಐದು ಮಾಳಿಗೆ ಹತ್ತಿ ಬಂದ. "ಏಳ್ರಲೇ ಹಡಬಿಟ್ಟಿ ಮಕ್ಕಳ್ರಾ! ಏ ಸಾಬರಾಕಿ, ಆಕಿ ಬಸರಿಗೂ ನಿನಗೂ ಏನಬೇ ಸಂಬಂಧ?"

"ಎರಡ ತಿಂಗಳ ಆಕೀ ಭಾರ ಹೊತ್ತೀನಿ," ಎಂದಳು ನಜಮುನ್ನೀಸಾ ಕೂತಲ್ಲಿಂದಲೇ. "ನಿಂದೇನ ಸಂಬಂಧ ಹೇಳು. ಊರಿನಂವ ಅಂತೀ, ಊರ ಹೆಣ್ಣಿನ ರಕ್ತಾ ಮಾರ್ಕೊಂಡು ತಿಂತೀ. ನಿನ್ನ ಬಾಯಾಗ ಮಣ್ಣ ಬೀಳ್ಲಿ."

ಅವನು ಕೈ ಎತ್ತಿದ. ಮುರ್ತುಜಾ ಎದ್ದು ನಿಂತ, ಅವನ ಹಿಂದೆ ಉಳಿದ ನಾಲ್ವರೂ. ಎತ್ತಿದ ಕೈಯಿಂದ ಶಿವಪುತ್ರಪ್ಪ ತಲೆ ಕೆರೆದುಕೊಂಡ.

ಹಿತೇಶ್ ಹೆಲ್ಮೆಟ್ಟು ಹಾಕಿಕೊಂಡು ಮೇಲೆ ಬಂದ. ಗಡಿಯಾರ ನೋಡಿದ, ಲಾರಿ ನೋಡಿದ. ಬೆವರು ಒರೆಸಿಕೊಂಡು ಕಟ್ಟಿನಿಂದ ಬಿಡಿಸಿ ತಂದಿದ್ದ ನಾಲ್ಕು ಕಾರ್ಡು ಜೇಬಿನಿಂದ ತೆಗೆದು ನನ್ನ ಮುಂದೆ ನೆಲಕ್ಕೆ ಎಸೆದ. ನಾನು ಆರಿಸಿಕೊಂಡೆ. ಹೌದು, ಬಗ್ಗಿ ಆರಿಸಿಕೊಂಡೆ, ಸೊಸೆಯ ಜೀವ ಅದು. ಮುರ್ತುಜಾನ ಕೈಗೆ ಕೊಟ್ಟೆ. ಅವನು ಮೆಟ್ಟಿಲು ಮೆಟ್ಟಿಲು ಹಾರಿಕೊಂಡು ಲೋಕಲ್ ರೈಲು ಹಿಡಿಯಲು ಓಡಿದ.

ಕೆಲಸ ಶುರುವಾಯಿತು. ಮಂದಿ ಎದ್ದರು, ಪೈಪು ಮತ್ತೆ ಕೆಮ್ಮಿತು. ನಾವು ಇಷ್ಟಕ್ಕೇ ಎದ್ದುಬಿಟ್ಟೆವಲ್ಲ ಅಂತ ಈಗ ನೆನೆದರೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದೂವರೆ ತಾಸಿನ ಮೇಲೆ ಫೋನು ಬಂತು. ಕೈಯೆಲ್ಲ ಸಿಮೆಂಟು, ಸ್ಪೀಕರ್ ಒತ್ತಿದೆ.

"ಯವ್ವಾ, ಒಳಗ ಒಯ್ದಾರ. ಕೂಸಿನ ಸುದ್ದಿ ಯಾರೂ ಹೇಳವಲ್ರು. ನಾಕೂ ಬಾಟ್ಲಿ ಏರಿಸ್ಯಾರಂತ, ರಕ್ತ ನಿಲ್ಲವಲ್ದಂತ. ಇನ್ನ ಬೇಕಂತಾರ. ಇನ್ನ ಬೇಕ ಯವ್ವಾ…"

ಎಲ್ಲರಿಗೂ ಕೇಳಿಸಿತು. ಹಿತೇಶನಿಗೂ ಕೇಳಿಸಿತು. ಭಾಷೆ ತಿಳಿಯದಿದ್ದರೂ ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಅವನ ಮುಂದೆ ಕೈ ಚಾಚಿದೆ. "ಬಸ್, ಅಬ್ ಬಹುತ್ ಹೋಗಯಾ," ಎಂದು ಫೋನು ತೆಗೆದು ಪೊಲೀಸರಿಗೆ ಹಚ್ಚಿದ.

ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಇಳಿದು ಹೋದೆ. ಸಿಮೆಂಟಿನ ಕಾಲಲ್ಲೇ ಆ ಬಿಳಿ ಟೈಲ್ಸು ತುಳಿದು ಒಳಗೆ ನುಗ್ಗಿದೆ. ಫೋಟೋದ ಕೆಳಗಿನ ಕಟ್ಟು ಎತ್ತಿಕೊಂಡೆ. ಇನ್ನೂ ಇಪ್ಪತ್ತೇಳು ಇದ್ದವು. ಹಾರ ಕೆಳಗೆ ಬಿತ್ತು, ಬೀಳಲಿ. ಹೊರಗೆ ಬರುವಷ್ಟರಲ್ಲಿ ಹೆಂಗಸರೆಲ್ಲ ಇಳಿದು ಬಂದಿದ್ದರು. ಆಫೀಸಿನ ಬಾಗಿಲಿಂದ ಗೇಟಿನವರೆಗೂ ನಿಂತಿದ್ದರು. ಮೇಲೆ ಪಂಪು ಮತ್ತೆ ನಿಂತಿತ್ತು.

"ಚೋರ್! ಪಕಡೋ!" ಎಂದು ಹಿತೇಶ್ ಮೇಲಿಂದ ಕೂಗಿದ.

ಪೊಲೀಸ್ ಗಾಡಿ ಆಗಲೇ ಒಳಗೆ ಬಂದಿತ್ತು. ನಾವು ಕರೆದಾಗ ಯಾವತ್ತೂ ಇಷ್ಟು ಬೇಗ ಬಂದಿರಲಿಲ್ಲ. ಹವಾಲ್ದಾರ ಇಳಿದವನೇ ನನ್ನ ಮಣಿಕಟ್ಟು ಹಿಡಿದ.

"ಕಾಯ್ ಆಹೇ ಹಾತಾತ್? ದಾಖವ್!"

ಕೈಯಲ್ಲಿ ಏನಿದೆ, ತೋರಿಸು ಅಂತ. ಅವನು ಹಿಡಿದದ್ದು ಬಲಗೈ. ಕಟ್ಟು ಎಡಗೈಯಲ್ಲಿತ್ತು. ನಾನು ತಿರುಗಿಯೂ ನೋಡಲಿಲ್ಲ, ಎಡಗೈ ಹಿಂದಕ್ಕೆ ಚಾಚಿದೆ. ನಜಮುನ್ನೀಸಾ ತೆಗೆದುಕೊಂಡಳು. ಅವಳಿಂದ ಆಚೆಯವಳಿಗೆ, ಅವಳಿಂದ ಇನ್ನೊಬ್ಬಳಿಗೆ, ದಿನಾ ಘಮೇಲಾ ದಾಟಿಸುವ ಹಾಗೆಯೇ, ಒಂದು ಕೈಯೂ ತಡಮಾಡಲಿಲ್ಲ. ಇನ್ನೊಬ್ಬ ಪೊಲೀಸ ಒಬ್ಬಳ ಸೆರಗು ಹಿಡಿದ, ಅವಳ ಹತ್ತಿರ ಇರಲಿಲ್ಲ. ಮುಂದಿನವಳನ್ನು ಹಿಡಿದ, ಅವಳ ಹತ್ತಿರವೂ ಇರಲಿಲ್ಲ. ಗೇಟಿನ ಹೊರಗೆ ರಿಕ್ಷಾದ ಸದ್ದು ಕೇಳಿತು. "ರೈಲ್ವೆ ಸ್ಟೇಷನ್! ಲೌಕರ್ ನಡಿಯಪ್ಪಾ!" ಎಂದು ಯಾರೋ ಕೂಗಿದರು. ನಮ್ಮವಳೇ.

"ಹಾತಾತ್ ಕಾಯ್ ಆಹೇ?" ಎಂದು ಹವಾಲ್ದಾರ ಮತ್ತೆ ಕೇಳಿದ.

ನಾನು ಎರಡೂ ಕೈ ಬಿಚ್ಚಿ ತೋರಿಸಿದೆ. ಅವನು ಬಿಡಲಿಲ್ಲ. ಬರಿಗೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದ.