ಕೊಟ್ಟೂರಪ್ಪ ಮಾವನ ಹಸಿರು ಗುರುತು

ಮಾವನ ಹೆಸರಿನ ಮುಂದಿನ ಆ ಒಂದು ಅಕ್ಷರ ಬದಲಿಸಿದರೆ ತನ್ನ ಗತಿಯೇನು? ಬದಲಿಸದೆ ಬಿಟ್ಟರೆ ಮಿಲ್ಲಿನ ಗತಿಯೇನು? ಅಲ್ಲ, ಮಿಲ್ಲಿನ ಚಿಂತೆ ನಿಜವಾಗಿಯೂ ತನಗಿದೆಯೇ, ಇಲ್ಲಾ ಮೊಳಕಾಲ್ಮೂರಿನಲ್ಲಿ ಕುಳಿತಿರುವ ಒಬ್ಬಳು ಏನೆಂದುಕೊಂಡಾಳು ಎಂಬುದಷ್ಟೇ ಚಿಂತೆಯೇ? ಅಮರೇಶ್ ಕೀಲಿಮಣೆಯ ಮೇಲೆ ಇಟ್ಟ ಬೆರಳನ್ನು ಮತ್ತೆ ಎತ್ತಿಕೊಂಡ. ಗೋಡೆಯಾಚೆ ಶೇಂಗಾ ಅರೆಯುವ ಯಂತ್ರ ಗುಡುಗುಟ್ಟುತ್ತಿತ್ತು. ಮೇಜು, ಟೀ ಲೋಟ, ಅವನ ಸಂದೇಹ, ಎಲ್ಲವೂ ಒಂದೇ ಸಮನೆ ನಡುಗುತ್ತಿದ್ದವು.

ಅದು ಎರಡು ಸಾವಿರದ ನಾಲ್ಕನೇ ಇಸವಿ. ಚಳ್ಳಕೆರೆಯ ಮುರುಗೇಂದ್ರಪ್ಪನವರ ಎಣ್ಣೆ ಮಿಲ್ಲಿಗೆ ಕೊಂಡ್ಲಹಳ್ಳಿಯಲ್ಲೊಂದು, ಮೊಳಕಾಲ್ಮೂರಿನಲ್ಲೊಂದು ಶೇಂಗಾ ಖರೀದಿ ಕೇಂದ್ರವಿತ್ತು. ಬೆಳಿಗ್ಗೆ ಮಿಲ್ಲಿನಿಂದ ಈ-ಮೇಲಿನಲ್ಲಿ ದರ ಹೋದರೆ ಅಲ್ಲಿ ಖರೀದಿ ಶುರು. ಹಿಂದಿನ ಸುಗ್ಗಿಯಲ್ಲಿ ಸಾಹುಕಾರ ಮುರುಗೇಂದ್ರಪ್ಪನವರ ಹೆಸರಿನಲ್ಲಿ ಯಾರೋ ಸುಳ್ಳು ದರ ಕಳಿಸಿ, ಲಾರಿಗಟ್ಟಲೆ ಜೊಳ್ಳು ಕಾಯಿ ತುಂಬಿಸಿದ್ದರು. ಅದಕ್ಕೇ ಬಿಎಸ್ಸಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕುಳಿತಿದ್ದ ಅಮರೇಶನನ್ನು ಕರೆಸಿಕೊಂಡಿದ್ದರು. ಸುಮ್ಮನೆ ಕುಳಿತುಕೊಳ್ಳುವುದು ಅವನಿಗೆ ಬೇಸರದ ಕೆಲಸವಲ್ಲ. ನಾಲ್ಕು ಜನ ಸೇರಿದಲ್ಲಿ ಅವನು ಐದನೆಯವನಂತೆ ಅಲ್ಲ, ಪಕ್ಕದ ಕಂಬದಂತೆ ಇರುತ್ತಿದ್ದ.

ಗೂಢಲಿಪಿಯ ಕೆಲಸಕ್ಕೆಂದೇ ಯಾರೋ ಪುಣ್ಯಾತ್ಮರು ಬರೆದು ಊರಿಗೆಲ್ಲ ಬಿಟ್ಟಿಯಾಗಿ ಕೊಟ್ಟಿದ್ದ ಒಂದು ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಕಟ್ಟನ್ನು, ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಅದರ ಮೇಲೆ ಅವನು ತನ್ನದೊಂದು ಪ್ರೋಗ್ರಾಂ ಕಟ್ಟಿದ. ಮಿಲ್ಲಿನ ಪ್ರತಿಯೊಬ್ಬರಿಗೂ ಒಂದು ಡಿಜಿಟಲ್ ಸರ್ಟಿಫಿಕೇಟು. ಅದರ ಮೇಲೆ ‘ಇವರು ನಮ್ಮವರೇ’ ಎನ್ನುವ ಇನ್ನೊಬ್ಬರ ಸಹಿ. ಬಂದ ಈ-ಮೇಲು ಸಾಚಾ ಆಗಿದ್ದರೆ ಹಸಿರು ಗುರುತು, ಇಲ್ಲವಾದರೆ ಕೆಂಪು. ಆದರೆ ಯಾರನ್ನು ನಂಬಬೇಕು ಎಂಬುದನ್ನು ಲೈಬ್ರರಿ ತಾನಾಗಿ ಹೇಳುವುದಿಲ್ಲ. ನಾವೇ ಹೆಸರಿನ ಮುಂದೆ ಒಂದು ಅಕ್ಷರ ಇಡಬೇಕು. ‘ಪಿ’ ಇಟ್ಟರೆ ಈ ಮನುಷ್ಯನನ್ನು ನಂಬಬಹುದು ಎಂದರ್ಥ. ‘ಸಿ’ ಇಟ್ಟರೆ, ಈ ಮನುಷ್ಯ ಯಾರಿಗೆ ಸಹಿ ಹಾಕುತ್ತಾನೋ ಅವರನ್ನೂ ನಂಬಬಹುದು ಎಂದರ್ಥ.

‘ಸಿ’ ಇರಬೇಕಾದದ್ದು ಸಾಹುಕಾರರೊಬ್ಬರಿಗೇ. ಆದರೆ ಕೊಂಡ್ಲಹಳ್ಳಿಯ ಕೇಂದ್ರ ನೋಡಿಕೊಳ್ಳುತ್ತಿದ್ದದ್ದು ಕೊಟ್ಟೂರಪ್ಪ, ಸಾಹುಕಾರರ ಹೆಂಡತಿ ಬಸವಲಿಂಗಮ್ಮನವರ ತಮ್ಮ.

“ಅವನಿಗೂ ದೊಡ್ಡ ಅಕ್ಷರ, ಆ ‘ಸಿ’ನೇ ಇಡೋ,” ಅಂದಿದ್ದರು ಮುರುಗೇಂದ್ರಪ್ಪ. “ಹೆಂಡ್ತಿ ತಮ್ಮನಿಗೆ ಕಮ್ಮಿ ಅಕ್ಷರ ಕೊಟ್ಟೆ ಅಂತ ಗೊತ್ತಾದ್ರೆ ರಾತ್ರಿ ನನಗೆ ಮಜ್ಜಿಗೆ ಅನ್ನಾನೂ ಸಿಗಲ್ಲ.”

ಅಮರೇಶ್ ಇಟ್ಟ. ಕೊಟ್ಟೂರಪ್ಪ ತನ್ನ ಅಧಿಕಾರದ ಮೊದಲ ಸಹಿಯನ್ನು ಅಮರೇಶನ ಸರ್ಟಿಫಿಕೇಟಿಗೇ ಹಾಕಿದ. “ನಿನ್ನನ್ನ ಈ ಮಿಲ್ಲಿಗೆ ತಂದೋನು ನಾನು. ಇದಕ್ಕೂ ನಂದೇ ಇರ್ಲಿ,” ಅಂದ. ಅವನು ಅಮರೇಶನ ತಾಯಿಯ ಊರಿನವನು, ಆ ಲೆಕ್ಕದಲ್ಲಿ ಮಾವ. ಕೈ ಶುದ್ಧ, ತೂಕ ಶುದ್ಧ. ಇದ್ದ ಒಂದೇ ಚಟವೆಂದರೆ ಕಂಡವರನ್ನೆಲ್ಲ ಶಿಫಾರಸು ಮಾಡುವುದು. “ಮಂಚೋಡು ಕಣಪ್ಪ, ಒಳ್ಳೆ ಮನುಷ್ಯ,” ಎಂದು ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿ ಯಾರನ್ನು ಬೇಕಾದರೂ ಎಲ್ಲಿಗೆ ಬೇಕಾದರೂ ಸೇರಿಸುತ್ತಿದ್ದ. ಹೋದ ತಿಂಗಳು ಅದೇ ಮಾತು ಹೇಳಿ ಅಮರೇಶನ ಮದುವೆಯ ಪ್ರಸ್ತಾಪವನ್ನೂ ಮೊಳಕಾಲ್ಮೂರಿಗೆ ಒಯ್ದಿದ್ದ. ಹುಡುಗಿ ದೀಪಿಕಾ, ಸಾಹುಕಾರರ ತಮ್ಮನ ಮಗಳು. ಅಲ್ಲಿನ ಕೇಂದ್ರದ ಕಂಪ್ಯೂಟರು, ತೂಕದ ಕಾಟಾ ಎರಡೂ ಅವಳದೇ. ಯುಗಾದಿಯ ಹೊತ್ತಿಗೆ ಅವಳಿಗೆ ಪ್ರೋಗ್ರಾಂ ಕಲಿಸಿಕೊಟ್ಟವನು ಅಮರೇಶನೇ. ಉತ್ತರ ಇನ್ನೂ ಬಂದಿರಲಿಲ್ಲ.

ಉತ್ತರದ ಬದಲು ಆ ದಿನ ಬೆಳಿಗ್ಗೆ ಅವಳ ಫೋನು ಬಂದಿತ್ತು.

“ಅಮರೇಶ್ ಅವ್ರೇ, ಶೇಂಗಾ ದರ ಏರಿಸಿ ಅಂತ ಮೇಲ್ ಬಂದೈತೆ. ಹಸಿರು ಗುರುತು ಜೋರಾಗೈತೆ. ಕೆಳಗೆ ಯತ್ತಪ್ಪ ಅಂತೈತೆ. ನಮ್ಮ ದೊಡ್ಡಪ್ಪ ಯಾವಾಗ ಹೆಸರು ಬದಲಾಯಿಸಿಕೊಂಡ್ರು?”

ಯತ್ತಪ್ಪ ಕೊಂಡ್ಲಹಳ್ಳಿಯ ಶೇಂಗಾ ಕಾಯಿ ದಲ್ಲಾಳಿ. ಮಾರುವವನೇ ದರ ಬರೆದು ಕಳಿಸಿದ್ದ. ಅಮರೇಶ್ ನೋಡಿದರೆ, ಯತ್ತಪ್ಪನಿಗಷ್ಟೇ ಅಲ್ಲ, ಲಾರಿ ಏಜೆಂಟ್ ಪಾತಣ್ಣನಿಗೆ, ಕೇಂದ್ರದ ಎದುರಿನ ಹೋಟೆಲಿನವನಿಗೆ, ಎಲ್ಲರಿಗೂ ಕೊಟ್ಟೂರಪ್ಪ ಫ್ಲಾಪಿಯಲ್ಲಿ ಒಂದೊಂದು ಸರ್ಟಿಫಿಕೇಟು ಹಾಕಿಕೊಟ್ಟು ಸಹಿ ಮಾಡಿದ್ದ. ಕೇಳಿದವರಿಗೆ ಇಲ್ಲ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ಈಗ ‘ಸಿ’ ತೆಗೆದು ‘ಪಿ’ ಇಡಬೇಕು. ಇಟ್ಟ ಕೂಡಲೇ ಮಾವ ಸಹಿ ಹಾಕಿದವರೆಲ್ಲ ಕೆಂಪಾಗುತ್ತಾರೆ. ಯತ್ತಪ್ಪ ಕೆಂಪಾಗುತ್ತಾನೆ. ಅಮರೇಶನೂ ಕೆಂಪಾಗುತ್ತಾನೆ, ಅದೂ ಅವಳ ಪರದೆಯ ಮೇಲೆ.

ಮುರುಗೇಂದ್ರಪ್ಪ ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಒಳಗೆ ಬಂದರು. ಅಮರೇಶ್ ಎಲ್ಲ ಹೇಳಿದ. ಯಂತ್ರದ ಸದ್ದಿನಲ್ಲೂ ಅವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

“ಇದೇನು ಹೊಸದೇನಲೇ? ಕೊಟ್ಟೂರಪ್ಪನ ಕೈಗೆ ಗಲ್ಲಾಪೆಟ್ಟಿಗೆ ಬೀಗದ ಕೈ ಕೊಟ್ಟು ನಾನು ಕಾಶಿಗೆ ಹೋಗ್ತೀನಿ. ಅವನು ತಂದ ಎತ್ತು ಮಾತ್ರ ಹಿಡಿಯಲ್ಲ. ಅವನು ತೋರಿಸಿದ ಗಂಡು, ನಮ್ಮ ಮನೆ ಹುಡುಗಿ ಮಂಗಳಗೌರಿಗೆ, ನೆನಪೈತಾ? ತಾಳಿ ಕಟ್ಟೋ ಹೊತ್ತಿಗೆ ಇಸ್ಪೀಟ್ ಆಡ್ತಾ ಕೂತಿದ್ದ.” ಅವರು ಕನ್ನಡಕದ ಮೇಲಿಂದ ನೋಡಿದರು. “ನಿನ್ನನ್ನೂ ಅವನೇ ತಂದಿದ್ದು ಅಲ್ವಾ?”

“ಹೌದ್ರಿ.”

“ಹುಂ. ನಿಂಗೆ ಇಸ್ಪೀಟ್ ಬರ್ತೈತಾ?”

“ಇಲ್ರೀ.”

“ಬಾಯಿ ಬಿಡದೋನಿಗೆ ಇಸ್ಪೀಟ್ ಚೆನ್ನಾಗಿ ಬರ್ತೈತೆ. ಕಲಿಬೇಡ.”

“ಹಾಗಾದ್ರೆ ಸಣ್ಣ ಅಕ್ಷರ, ‘ಪಿ’ ಇಡ್ಲೇನ್ರಿ?”

ಮುರುಗೇಂದ್ರಪ್ಪ ಹರೆಯದಲ್ಲಿ ಕುರಿ ವ್ಯಾಪಾರ ಮಾಡಿದವರು. ಕುರಿ ಸಂತೆಯಲ್ಲಿ ದರವನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಮುಚ್ಚಿ, ಅದರಡಿ ಬೆರಳು ಹಿಡಿದೇ ಮುಗಿಸುತ್ತಾರೆ. ಅವರು ಟವೆಲನ್ನು ತಮ್ಮ ಕೈ ಮೇಲೆ ಹಾಕಿಕೊಂಡು, ಅಮರೇಶನ ಕೈಯನ್ನು ಅದರೊಳಗೆ ಎಳೆದುಕೊಂಡು, ಕಿರುಬೆರಳನ್ನು ಗಟ್ಟಿಯಾಗಿ ಒತ್ತಿದರು. ಸಣ್ಣ ಅಕ್ಷರ.

“ನಾನೇನೂ ಹೇಳಿಲ್ಲ,” ಅಂದರು ಕೈ ತೆಗೆದು. “ಅವನಕ್ಕ ಕೇಳಿದ್ರೆ ಗುರುವಿನಾಣೆ ಮಾಡ್ತೀನಿ, ಬಾಯಿ ಬಿಟ್ಟಿಲ್ಲ ಅಂತ.”

ಹೊರಡುವವರು ಬಾಗಿಲಲ್ಲಿ ನಿಂತರು. “ನೀನೂ ಕೆಂಪಾಗ್ತೀಯಲ್ಲೋ? ತಡಿ.” ತಿರುಗಿ ಬಂದು, ಒಂದೊಂದೇ ಅಕ್ಷರ ಹುಡುಕಿ ತಮ್ಮ ಗುಪ್ತಪದ ಒತ್ತಿ, ಅಮರೇಶನ ಸರ್ಟಿಫಿಕೇಟಿಗೆ ತಾವೇ ಹೊಸದಾಗಿ ಸಹಿ ಹಾಕಿದರು. ಅದು ಫ್ಲಾಪಿಗೆ ಇಳಿಯಿತು. “ಇದನ್ನ ಹಾಕ್ಕೊಂಡು ಮೇಲ್ ಕಳ್ಸು. ಹಸಿರಾಗ್ತೀಯ.”

ಅಮರೇಶ್ ಫ್ಲಾಪಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮಾವನಿಗೆ ‘ಪಿ’ ಇಟ್ಟ. ಹೊಸ ಸೆಟ್ಟಿಂಗನ್ನು ಎರಡೂ ಕೇಂದ್ರಗಳಿಗೆ ಕಳಿಸಿದ. ಆಮೇಲೆ ‘ಸೆಟ್ಟಿಂಗ್ ಬದಲಾಗಿದೆ, ಯತ್ತಪ್ಪನದು ಇನ್ನು ನಡೆಯುವುದಿಲ್ಲ’ ಎಂದು ಮೊಳಕಾಲ್ಮೂರಿಗೆ ತನ್ನ ಹೆಸರಿನಲ್ಲಿ ಒಂದು ಮೇಲ್ ಬರೆದ. ಕಳಿಸಿ, ಫೋನಿನ ಪಕ್ಕ ಕುಳಿತ.

ಮಧ್ಯಾಹ್ನ ಊಟದ ಹೊತ್ತಿಗೆ ಅದು ರಿಂಗಾಯಿತು.

“ಇಲ್ಲಿ ಯಾರೋ ಅಮರೇಶ್ ಅಂತ ಹೇಳ್ಕೊಂಡು ಬರೆದವ್ರೆ,” ಅಂದಳು ದೀಪಿಕಾ. “ಕೆಂಪಗೈತೆ.”

“ನಾನೇರೀ ಅದು.”

“ನೀವೇ ಅಂತ ನೀವೇ ಹೇಳಿದ್ರೆ ಆಗ್ತೈತೇನ್ರಿ? ಇನ್ನೊಬ್ರು ಹೇಳ್ಬೇಕು ಅಂತ ನೀವೇ ಪಾಠ ಮಾಡಿದ್ರಿ.”

“ಕೊಟ್ಟೂರಪ್ಪ ಮಾವ ಹೇಳಿದ್ರಲ್ಲ.”

“ಅವರ ಮಾತು ಇವತ್ತಿಂದ ನಡೆಯಲ್ಲ ಅಂತ ನಿಮ್ಮ ಸೆಟ್ಟಿಂಗೇ ಹೇಳ್ತೈತೆ. ಶೇಂಗಾಕ್ಕೆ ಮಾತ್ರಾನಾ, ಹೋದ ತಿಂಗಳು ಮನೆಗೆ ಬಂದು ಮಂಚೋಡು ಮಂಚೋಡು ಅಂದ್ರಲ್ಲ, ಅದಕ್ಕೂನಾ?”

ಅಮರೇಶನಿಗೆ ಮೌನ ಇಷ್ಟ. ಆದರೆ ಇಷ್ಟು ಉದ್ದದ್ದನ್ನು ಅವನೂ ಈ ಮೊದಲು ಕಂಡಿರಲಿಲ್ಲ.

“ಸುಮ್ಮನಿರೋಕೂ ಎಸ್‌ಟಿಡಿ ಚಾರ್ಜ್ ಬೀಳ್ತೈತೆ ಕಣ್ರಿ.”

“ಅದಕ್ಕೂ,” ಅಂದ ಅಮರೇಶ್. “ಅವರ ಮಾತು ಕೇಳಿ ನೀವು ಒಪ್ಪೋದು ಬೇಡ.”

ಆ ಕಡೆ ಕೀಲಿ ಒತ್ತುವ ಸದ್ದು ಕೇಳಿಸಿತು. ನಿಧಾನವಾಗಿ, ಕಲಿಸಿಕೊಟ್ಟ ಪಾಠವನ್ನು ನೆನಪಿಸಿಕೊಂಡು ಒತ್ತುತ್ತಿದ್ದ ಸದ್ದು.

“ನನ್ನ ಕಂಪ್ಯೂಟರ್‌ನಾಗೆ ನಿಮ್ಮ ಹೆಸರಿಗೆ ನಾನೇ ಇಟ್ಟೀನಿ, ಪಿ ಅಂತ,” ಅಂದಳು. “ಯುಗಾದಿಯಿಂದ ನೋಡ್ತಿದೀನಿ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತೀರಿ. ಅಷ್ಟು ಸಾಕು. ಪಿ ಅಂದ್ರೆ ಇವರೊಬ್ಬರನ್ನೇ ನಂಬೋದು. ಇವರು ಕರ್ಕೊಂಡು ಬಂದೋರನ್ನಲ್ಲ. ಈಗ ಹಸಿರಾದ್ರಿ.”

“ಹುಂ.”

“ಭಾನುವಾರ ಮನೆಗೆ ಬನ್ನಿ. ಮಾವನ್ನೂ ಕರ್ಕೊಂಡು ಬನ್ನಿ, ಪಾಪ. ಊಟ ಬಡಿಸ್ತೀವಿ. ಮಾತು ನೀವೇ ಆಡ್ಬೇಕು.”

ಭಾನುವಾರ ಅವನು ಹೋದ, ಮಾತನ್ನೂ ಆಡಿದ. ಕಷ್ಟಪಟ್ಟು, ಹೋಳಿಗೆ ತಣ್ಣಗಾಗುವವರೆಗೆ ಹೊತ್ತು ತೆಗೆದುಕೊಂಡು. ಕೊಟ್ಟೂರಪ್ಪನಿಗೆ ತನ್ನ ಅಕ್ಷರ ಸಣ್ಣದಾದದ್ದು ತಿಳಿಯಲೇ ಇಲ್ಲ. ಅವನ ಸ್ವಂತ ಮೇಲುಗಳೆಲ್ಲ ಹಸಿರಾಗಿಯೇ ಹೋಗುತ್ತಿದ್ದವು. ಮದುವೆಯ ಚಪ್ಪರದಲ್ಲಿ ಬಂದವರಿಗೆಲ್ಲ, ಇಬ್ಬರನ್ನೂ ಸೇರಿಸಿದ್ದು ತನ್ನ ಶಿಫಾರಸೇ ಎಂದು ಎರಡೂ ಭಾಷೆಯಲ್ಲಿ ಹೇಳಿಕೊಂಡು ಓಡಾಡಿದ. ಅಮರೇಶ್, ದೀಪಿಕಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವತ್ತು ಕೆಂಪು ಗುರುತಿನ ಮೇಲ್ ಕಳಿಸಿದಾಗ ಸಾಹುಕಾರರು ಸಹಿ ಹಾಕಿಕೊಟ್ಟ ಫ್ಲಾಪಿಯನ್ನು ಬೇಕೆಂದೇ ಹಾಕದೆ ಜೇಬಿನಲ್ಲೇ ಇಟ್ಟುಕೊಂಡಿದ್ದೆ ಎಂದು ಅಮರೇಶ್ ಅವಳಿಗೆ ಎಂದೂ ಹೇಳಲಿಲ್ಲ.