ನೂರರಲ್ಲಿ ಅರವತ್ತಮೂರನೇ ಗಾಡಿ

ತಾಡಪಾಲು ಎಳೆದು ಬೈಕನ್ನು ಮುಚ್ಚುತ್ತಿದ್ದ ತಿಪ್ಪೇರುದ್ರನ ಕೈಯನ್ನು ಅತ್ತಿಗೆ ಬಂಗಾರಮ್ಮ ಹಿಡಿದುಕೊಂಡಳು.

"ಮುಚ್ಚಬ್ಯಾಡಪ್ಪಾ. ಹೊರಗೆ ತೆಗಿ. ನಿಮ್ಮಣ್ಣ ಹೋಗಾಕೆ ಮುಂಚೆ ಒಂದ್ಸಲ ನೋಡ್ಲಿ."

ಹೆಣದ ಕಣ್ಣು ಮುಚ್ಚಿಯಾಗಿತ್ತು. ಆದರೂ ತಿಪ್ಪೇರುದ್ರ ತಾಡಪಾಲು ಸರಿಸಿದ. ಗ್ಯಾರೇಜಿನಿಂದ ಬೈಕು ತಳ್ಳಿ ತಂದು, ಗೋಡೆಗೆ ಒರಗಿಸಿ ಕೂರಿಸಿದ್ದ ಅಣ್ಣ ಗಾದ್ರಪ್ಪನ ಮುಂದೆ ನಿಲ್ಲಿಸಿದ. ಕಪ್ಪು ಬಣ್ಣದ ಹೊಳಪು ಹೇಗಿತ್ತೆಂದರೆ, ಹೆಣದ ಕೊರಳಿನ ಹಾರ ಟ್ಯಾಂಕಿನಲ್ಲಿ ಕಾಣುತ್ತಿತ್ತು.

"ಇವನು ಗಾದ್ರಪ್ಪ ಅಲ್ಲ ಬಿಡ್ರಿ, ಗಾಡಿಯಪ್ಪ," ಎಂದ ತಮಟೆ ಕಾಯಿಸುತ್ತಿದ್ದ ಹನುಮಣ್ಣ. "ಬಾಯಾಗೇ ಬುಲೆಟ್ ಸ್ಟಾರ್ಟ್ ಮಾಡೋನು. ಹೊನ್ನಾಳಿ ಬಸ್ಸಿನ ಹಾರನ್ ಹೊಡೆದ ಅಂದ್ರೆ ಹೋಟ್ಲಾಗೆ ಕುಂತೋರು ಚಾ ಬಿಟ್ಟು ಓಡೋರು!"

ಅಳುತ್ತಿದ್ದ ಹೆಂಗಸರೂ ಸೆರಗಿನೊಳಗೆ ನಕ್ಕರು. ತಿಪ್ಪೇರುದ್ರ ಮಾತ್ರ ರಸ್ತೆ ನೋಡುತ್ತಿದ್ದ. ದಾವಣಗೆರೆಯಿಂದ ರವಿಕುಮಾರ್ ಹೊರಟಿದ್ದಾರೆಂದು ಫೋನು ಬಂದಿತ್ತು. ಬಂದವರು ಬೈಕಿನ ಕೊರಳು ಮುಟ್ಟುತ್ತಾರೆ. ಮುಟ್ಟಿದರೆ ಮುಗಿಯಿತು.

*

ಬಸವಾಪಟ್ಟಣದ ಕೊಟ್ಟಿಗೆಯೊಂದರಲ್ಲಿ ಕೋಳಿ ಕಾವಿಗೆ ಕೂರುತ್ತಿದ್ದ ಆ ಬ್ರಿಟಿಷ್ ಬೈಕನ್ನು ತಂದು, ಗಾದ್ರಪ್ಪ ಒಂಬತ್ತು ವರ್ಷ ಕೂತು ಎಬ್ಬಿಸಿದ್ದ; ತುಕ್ಕು ಉಜ್ಜಿ ಬಣ್ಣ ಹೊಡೆಯುವುದೊಂದು ಬಾಕಿಯಿತ್ತು. ಅಂಥವು ತಯಾರಾದದ್ದೇ ನೂರು. ಇದು ಅರವತ್ತಮೂರನೆಯದು, ಹ್ಯಾಂಡಲ್ಲಿನ ಕೆಳಗೆ, ಚೌಕಟ್ಟಿನ ಕೊರಳಲ್ಲಿ ನಂಬರು ಕೊರೆದಿತ್ತು. "ಆ ನಂಬರೇ ಇದರ ಪ್ರಾಣ. ನನ್ನ ಮ್ಯೂಸಿಯಂನಲ್ಲಿ ನಿಲ್ಲಿಸಿ, ಪಕ್ಕದಲ್ಲಿ ನಿಮ್ಮ ಹೆಸರಿನ ಬೋರ್ಡು ಹಾಕಿಸ್ತೀನಿ," ಎಂದಿದ್ದರು ಹಳೆಯ ಗಾಡಿ ಸಂಗ್ರಹಿಸುವ ರವಿಕುಮಾರ್. ಅಂದಿನಿಂದ ಗಾದ್ರಪ್ಪನಿಗೆ ಆ ಬೋರ್ಡಿನದೇ ಕನಸು.

ಅವನು ಕಿಡ್ನಿ ಕೆಟ್ಟು ಆಸ್ಪತ್ರೆಯಲ್ಲಿದ್ದಾಗ ಆಯುಧಪೂಜೆ ಬಂತು. ನ್ಯಾಮತಿಯ ಗಾಡಿಗಳೆಲ್ಲ ತೊಳೆದು ಹಾರ ಹಾಕಿಸಿಕೊಳ್ಳುವ ದಿನ ಅಣ್ಣನ ಗಾಡಿ ತುಕ್ಕು ಹಿಡಿದು ನಿಲ್ಲುವುದೇ? ತಿಪ್ಪೇರುದ್ರ ಗ್ರೈಂಡರ್ ಹಿಡಿದ. ನಂಬರು ಎಂಜಿನ್ನಿನ ಮೇಲಿರುತ್ತದೆಂದೇ ಅವನು ತಿಳಿದಿದ್ದ. ಕೊರಳ ಮೇಲಿನದನ್ನು ತುಕ್ಕಿನ ಗುಳಿಯೆಂದುಕೊಂಡು ನುಣ್ಣಗೆ ಉಜ್ಜಿ ಬಣ್ಣ ಹೊಡೆದ.

ಅಣ್ಣ ಮನೆಗೆ ಬಂದ. ಕೊರಳು ಸವರಿದ. ಬೆರಳು ಅಲ್ಲೇ ನಿಂತಿತು.

"ಮದುಮಗ ಆಗೈತಲ್ಲೋ ತಿಪ್ಪಾ," ಎಂದ.

ಅಷ್ಟೇ. ಆಮೇಲೆ ಅವನು ಬಾಯಲ್ಲಿ ಯಾವ ಗಾಡಿಯನ್ನೂ ಸ್ಟಾರ್ಟ್ ಮಾಡಲಿಲ್ಲ. ವಾರದ ಮೇಲೆ ಮೊಬೈಲಿನ ಹಳೇ ಫೋಟೊ ಹಿಗ್ಗಿಸಿದಾಗ ತಿಪ್ಪೇರುದ್ರನಿಗೆ ತುಕ್ಕಿನೊಳಗಿನ ಅರವತ್ತಮೂರು ಕಂಡಿತು. ಅವನೂ ಬಾಯಿ ಬಿಡಲಿಲ್ಲ.

*

ರವಿಕುಮಾರ್ ಬಂದರು. ಹಾರ ಹಾಕಿ ಕೈಮುಗಿದರು. ಬೈಕಿನ ಕಡೆ ತಿರುಗಲೇ ಇಲ್ಲ.

"ನೋಡ್ರಿ ಸಾರ್, ಗಾಡಿ ಹೆಂಗೆ ಮಾಡ್ಯಾರೆ," ಎಂದಳು ಬಂಗಾರಮ್ಮ.

"ಗೊತ್ತಮ್ಮಾ. ತಿಂಗಳ ಹಿಂದೆ ಫೋನ್ ಮಾಡಿದ್ರು. 'ಕಣ್ಣು ಮಂಜಾಗಿ ನನ್ನ ಕೈಯಾರೆ ನಂಬರು ಉಜ್ಜಿ ಹಾಕಿಬಿಟ್ಟೆ ಸಾರ್, ನನ್ನ ಹೆಸರಿನ ಬೋರ್ಡು ಬ್ಯಾಡ' ಅಂದ್ರು. ಪಾಪ, ಅತ್ತುಬಿಟ್ರು."

ಹನುಮಣ್ಣ ತಮಟೆ ಕೆಳಗಿಟ್ಟ.

"ಒಂಬತ್ತು ವರ್ಷ ಕಾಯ್ದು ತಾನೇ ಕೆಡಿಸಿದ್ನಾ?" ಹನುಮಣ್ಣ ಲೊಚಗುಟ್ಟಿದ. "ಕೊನೆಗೆ ಕೈ ಕೆಟ್ಟಿತ್ತು ಬಿಡ್ರಿ."

ಬಂಗಾರಮ್ಮ ಗಂಡನ ತಣ್ಣನೆಯ ಕೈ ಹಿಡಿದುಕೊಂಡಳು. "ನಂಗೂ ಹೇಳ್ಲಿಲ್ವಲ್ಲಪ್ಪಾ..."

"ಅತ್ತಿಗೇ," ಎಂದ ತಿಪ್ಪೇರುದ್ರ.

ಎಲ್ಲರೂ ತಿರುಗಿದರು. ಅವಳು ಕಣ್ಣೊರೆಸಿಕೊಂಡು ಅವನತ್ತ ನೋಡಿದಳು. "ಏನಪ್ಪಾ?"

"ಹೊತ್ತಾತು. ಎತ್ತಾಣ."

*

ಗುಂಡಿ ಮುಚ್ಚಿದ ಜನ ಕೈಕಾಲು ತೊಳೆಯಲು ಹೊರಟರು. ತಿಪ್ಪೇರುದ್ರ ಮೊಣಕಾಲೂರಿ ಕೂತೇ ಇದ್ದ. ಹಸಿಮಣ್ಣಿನ ದಿಬ್ಬವನ್ನು ಅಂಗೈಯಿಂದ ಒತ್ತಿ ಒತ್ತಿ ಸವರುತ್ತಿದ್ದ.

"ಸಾಕು ಬಾರೋ," ಹನುಮಣ್ಣ ಕೂಗಿದ. "ಅಷ್ಟು ನುಣ್ಣಗೆ ಮಾಡಬ್ಯಾಡ. ಹಾಲು-ತುಪ್ಪ ಬಿಡಾಕೆ ಬಂದಾಗ ಗುರುತು ಸಿಗಾಕಿಲ್ಲ."

ತಿಪ್ಪೇರುದ್ರನ ಕೈ ನಿಲ್ಲಲಿಲ್ಲ.