ಕ್ಲಾರಿನೆಟ್ ಬಿಟ್ಟವನು

ಕೋಟಿನ ಕೆಳಗಿನ ಎರಡು ಗುಂಡಿ ಏನು ಮಾಡಿದರೂ ಸೇರಲಿಲ್ಲ. ಅವಳು ಮಂಚದ ಮೇಲೆ ಒಂದು ಮಂಡಿಯೂರಿ, ಗಂಡನ ಹೊಟ್ಟೆಯನ್ನು ಎಡಗೈಯಲ್ಲಿ ಮೆತ್ತಗೆ ಒತ್ತಿ ಹಿಡಿದು, ಬಲಗೈಯಲ್ಲಿ ಗುಂಡಿಯನ್ನು ಕಾಜಕ್ಕೆ ತೂರಿಸಲು ಹೆಣಗುತ್ತಿದ್ದಳು. ಮಿಲ್ಲಿನ ಬ್ಯಾಂಡಿನ ನೀಲಿ ಕೋಟು ಅದು. ಹೊಲಿಸಿದಾಗ ಅವನು ಕಡ್ಡಿಯ ಹಾಗಿದ್ದ.

"ಅಮ್ಮಾ, ಬಿಡು. ಮೇಲೆ ಹೂವಿಟ್ಟರೆ ಯಾರಿಗೂ ಕಾಣಲ್ಲ," ಎಂದಳು ಮಗಳು, ಮಂಚದ ಆ ಬದಿಗೆ ಬಂದು ಅಮ್ಮನಿಗೆ ಎದುರಾಗಿ ನಿಂತು. ವಯಸ್ಸಾದ ಮೇಲೆ ಅಮ್ಮನ ಕಿವಿ ಸ್ವಲ್ಪ ಮಂದ ಎಂದು ಮನೆಯವರೆಲ್ಲ ಎದುರಿಗೆ ಬಂದೇ ಮಾತಾಡುವುದು ರೂಢಿ.

"ಬದುಕಿದ್ದಾಗಲೇ ನಿಮ್ಮಪ್ಪನ ಹೊಟ್ಟೆ ನನ್ನ ಮಾತು ಕೇಳಲಿಲ್ಲ. ಈಗ ಕೇಳುತ್ತಾ?"

ಮಗಳು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ನಿನ್ನೆ ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದ ಅಪ್ಪ ಮತ್ತೆ ಏಳಲಿಲ್ಲ. ನರಳಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಬಂದವರೆಲ್ಲ ಹೇಳಿದರು. ಒಂದಿಷ್ಟು ತೊಂದರೆ ಕೊಟ್ಟಿದ್ದರೂ ನಡೆಯುತ್ತಿತ್ತು ಎಂದು ಅವಳಿಗೆ ಅನ್ನಿಸಿತ್ತು.

ಗುಂಡಿಯ ಆಸೆ ಬಿಟ್ಟು ಅಮ್ಮ ಕಿಟಕಿಯ ಬಳಿ ಹೋದಳು. ಅಂಗಳದಲ್ಲಿ ಬ್ಯಾಂಡಿನವರು ಗುಂಪಾಗಿ ನಿಂತಿದ್ದರು. ಗೇಟಿನ ಹತ್ತಿರ ಅವಳ ಮೈದುನ, ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದ. ಅವನ ಮುಂದೆ ಡ್ರಮ್ಮಿನವನು. ಅವನನ್ನು ಊರೆಲ್ಲ ಗುಡುಗಪ್ಪ ಎಂದೇ ಕರೆಯುತ್ತಿತ್ತು. ಗಾಜಿನ ಕಿಟಕಿ ಮುಚ್ಚಿತ್ತು. ಆದರೂ ಅವರ ಮಾತು ಅವಳಿಗೆ ಒಂದಕ್ಷರ ಬಿಡದೆ ತಿಳಿಯುತ್ತಿತ್ತು. ಅವಳು ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ಆಯುಷ್ಯವೆಲ್ಲ ಮಗ್ಗ ನಡೆಸಿದವಳು. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವ ಆ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳುತ್ತಿರಲಿಲ್ಲ. ಅದಕ್ಕೇ ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತಾಡುತ್ತಿದ್ದರು. ಅತ್ತೆಯ ಕಾಟ, ಮೇಸ್ತ್ರಿಯ ಕಳ್ಳಾಟ, ಯಾರಿಗೆ ಎಷ್ಟನೇ ತಿಂಗಳು, ಎಲ್ಲವೂ ದನಿಯೇ ಇಲ್ಲದೆ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬರುತ್ತಿತ್ತು.

"ಮಣ್ಣು ಮಾಡುವಾಗ ನೀನೊಬ್ಬನೇ ಊದಬೇಕಪ್ಪ," ಎನ್ನುತ್ತಿದ್ದ ಗುಡುಗಪ್ಪ. "ಮೊದಲನೇ ಕ್ಲಾರಿನೆಟ್ಟು ನೀನು. ಇನ್ಯಾರು ಊದ್ತಾರೆ?"

"ಆ ಜಾಗ ನಂದಲ್ಲ. ಅಣ್ಣಂದು," ಎಂದ ಮೈದುನ. "ನನಗೋಸ್ಕರ ಬಿಟ್ಟುಕೊಟ್ಟು, ಹಿಂದಿನ ಸಾಲಲ್ಲಿ ಆ ದೊಡ್ಡ ಕೊಳವೆ ತಬ್ಬಿಕೊಂಡು ಕೂತ. ಇವತ್ತು ಅವನ ಎದುರಿಗೆ, ಅವನ ಕ್ಲಾರಿನೆಟ್ಟನ್ನೇ ಹಿಡಿದು ಊದು ಅಂತೀಯಲ್ಲ. ಯಾವ ಮುಖ ಇಟ್ಕೊಂಡು ಊದಲಿ?"

"ನಿನಗೋಸ್ಕರ ಬಿಟ್ಟೆ ಅಂತ ಅವನು ಹೇಳಿದ್ನಾ?"

"ಹೇಳೋ ಪೈಕಿನಾ ಅವನು?"

ಅವಳು ಪರದೆ ಎಳೆದಳು.

*

ಬ್ಯಾಂಡ್ ಮೇಷ್ಟ್ರು ಆ ಮಾತು ಎತ್ತಿದ ವರ್ಷ ಅವಳ ಗಂಡನಿಗೆ ನಲವತ್ತು ದಾಟಿತ್ತು. ಹಗಲು ಮಿಲ್ಲಿನಲ್ಲಿ ಫಿಟ್ಟರ್, ಸಂಜೆಯಾದರೆ ಬ್ಯಾಂಡಿನಲ್ಲಿ ಮೊದಲನೇ ಕ್ಲಾರಿನೆಟ್. ಪಾರ್ಕಿನಲ್ಲಿ ಬ್ಯಾಂಡ್ ಕೂತಾಗ ಎದ್ದು ನಿಂತು ಒಬ್ಬನೇ ಊದುವವನು ಅವನೇ. ಅವಳು ಅವನನ್ನು ಮೆಚ್ಚಿದ್ದೂ ಹಾಗೆ ಎದ್ದು ನಿಂತು ಊದುವಾಗಲೇ.

"ಕ್ಲಾರಿನೆಟ್ಟು ಬೇಕಾದಷ್ಟಿವೆ. ತಳದ ದನಿಗೆ ಯಾರೂ ಇಲ್ಲ," ಎಂದಿದ್ದರು ಮೇಷ್ಟ್ರು. "ಅಡಿಪಾಯ ಇಲ್ಲದ ಮನೆಗೆ ಹೆಂಚು ಹೊದಿಸ್ತಾ ಇದ್ದೀನಿ. ಬೀರುವಿನಲ್ಲಿ ಬಸೂನು ಸುಮ್ಮನೆ ಕೊಳೀತಿದೆ. ನೀನೋ ನಿನ್ನ ತಮ್ಮನೋ, ಯಾರಾದ್ರೂ ಒಬ್ಬರು ಹಿಡೀರಿ."

"ಮದುವೆಯಾಗಿ ಇಷ್ಟು ವರ್ಷದ ಮೇಲೆ ಹೆಣ್ಣು ಬದಲಾಯಿಸು ಅಂತೀರಲ್ಲ ಮೇಷ್ಟ್ರೇ," ಎಂದು ಅವನು ನಕ್ಕುಬಿಟ್ಟ. ಆದರೂ ಬಸೂನನ್ನು ಮನೆಗೆ ತಂದ. ಅದು ನೆಲಕ್ಕೆ ನಿಲ್ಲಿಸಿದರೆ ಅವನ ಎದೆಮಟ್ಟ ಬರುವ ಮರದ ಕೊಳವೆ. ಪಕ್ಕದಿಂದ ಬಾಗಿ ಬಂದ ತೆಳು ನಳಿಗೆಯ ತುದಿಯಲ್ಲಿ ಜೊಂಡಿನ ಎರಡು ಸೀಳುಗಳನ್ನು ಬಿಗಿದು ಕಟ್ಟಿದ ರೀಡು. ಮೊದಲ ದಿನ ಊದಿದಾಗ ಪಕ್ಕದ ಮನೆಯವರು ಬಾಗಿಲು ತಟ್ಟಿ, "ಎಮ್ಮೆ ಕಟ್ಟಿದ್ದೀರಾ?" ಎಂದು ಕೇಳಿ ಹೋದರು.

ದಿನಗಟ್ಟಲೆ ಅವನು ಹೊಯ್ದಾಡಿದ. ಊಟಕ್ಕೆ ಕೂತರೆ ಅದೇ ಮಾತು. "ಬೆರಳಿಗೆ ಬೇರೆ ಪಾಠ, ತುಟಿಗೆ ಬೇರೆ ಪಾಠ. ಈ ವಯಸ್ಸಲ್ಲಿ ಒಂದನೇ ಕ್ಲಾಸಿಗೆ ಸೇರಿದ ಹಾಗೆ ಕಣೇ. ಅದಿರಲಿ, ಕ್ಲಾರಿನೆಟ್ ಬಿಟ್ಟರೆ ಇವನು ಯಾರು ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?"

"ಬೇಡ ಅಂದುಬಿಡಿ," ಎನ್ನುತ್ತಿದ್ದಳು ಅವಳು. "ನಿಮಗೆ ಕ್ಲಾರಿನೆಟ್ಟೇ ಲಕ್ಷಣ."

ಆ ಮಾತು ಹೇಳುವಾಗ ಅವಳು ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ. ಮಗ್ಗದ ಸದ್ದು ಅವಳ ಕಿವಿಯನ್ನು ಒಂದೊಂದೇ ದನಿಯಾಗಿ ತಿಂದುಹಾಕುತ್ತಿತ್ತು. ಮೊದಲು ಗುಬ್ಬಚ್ಚಿಗಳು ಹೋದವು. ಆಮೇಲೆ ಕೆಟಲಿನ ಸೀಟಿ, ಬಾಗಿಲ ಗಂಟೆ. ಕ್ಲಾರಿನೆಟ್ಟಿನ ದನಿ ಒಗೆದೊಗೆದು ಸವೆದ ಬಟ್ಟೆಯಂತೆ ತೆಳ್ಳಗಾಗುತ್ತ ಬಂದು, ಕೊನೆಗೆ ಅವನ ಬೆರಳು ಮಾತ್ರ ಉಳಿದವು. ಅವಳು ಆ ಬೆರಳು ನೋಡಿ ತಲೆದೂಗುವುದನ್ನು ಕಲಿತಳು. ನೀನು ಊದುವುದು ನನಗೆ ಕೇಳುತ್ತಿಲ್ಲ ಎಂದು ಗಂಡನಿಗೆ ಹೇಗೆ ಹೇಳುವುದು? ನಿನ್ನ ಮುಖ ಮರೆತುಹೋಯಿತು ಅಂದ ಹಾಗಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವಳು ಬಾಗಿಲಿಗೆ ಬೆನ್ನು ಮಾಡಿ ಬಟ್ಟೆ ಮಡಿಸುತ್ತಿದ್ದಳು. ಮಗಳ ಫ್ರಾಕು, ಅವನ ಬನಿಯನ್ನು, ದಿಂಬಿನ ಚೀಲ. ಇದ್ದಕ್ಕಿದ್ದಂತೆ ಮೇಜಿನ ಹಲಗೆ ಅವಳ ಅಂಗೈಯಡಿ ಝುಮ್ಮೆಂದಿತು. ಹಿಂದೆಯೇ ಮಳೆಗಾಲದ ಹೊಳೆಯಂತೆ ಒಂದು ದಪ್ಪ ದನಿ ಅವಳ ಎದೆಗೂಡಿಗೆ ಇಳಿಯಿತು. ಅವಳು ಬೆಚ್ಚಿ ತಿರುಗಿದಳು. ಅವನು ಬಸೂನು ಹಿಡಿದು ನಿಂತಿದ್ದ. ಪಕ್ಕದ ಕುರ್ಚಿಯ ಮೇಲೆ ಕ್ಲಾರಿನೆಟ್, ಅದರ ಬಾಯಿ ಇನ್ನೂ ಒದ್ದೆ.

"ಇದು ಕೇಳಿಸ್ತಾ?"

"ಕೇಳದೆ ಏನು? ಎದೆ ಒಡೆದುಹೋಯ್ತು."

"ಇದಕ್ಕೆ ಮುಂಚೆ ಊದಿದ್ದು?"

ಅವಳು ಬನಿಯನ್ನನ್ನು ಬಿಚ್ಚಿ ಮತ್ತೆ ಮಡಿಸಿದಳು. "ಅದೂ ಚೆನ್ನಾಗಿತ್ತು," ಎಂದಳು.

ಅವನು ಅವಳನ್ನೇ ನೋಡಿದ. ಆಮೇಲೆ ಕ್ಲಾರಿನೆಟ್ಟನ್ನು ಕಳಚಿ, ಒಳಗೆಲ್ಲ ಬಟ್ಟೆ ಎಳೆದು ಒರೆಸಿ, ಪೆಟ್ಟಿಗೆಯಲ್ಲಿಟ್ಟ. ಮರುದಿನ ಮೇಷ್ಟ್ರಿಗೆ ಒಪ್ಪಿಗೆ ಹೇಳಿ, ಪೆಟ್ಟಿಗೆಯನ್ನು ತಮ್ಮನ ಕೈಗೆ ಕೊಟ್ಟು ಬಂದ.

ಸುಲಭವೇನೂ ಆಗಲಿಲ್ಲ. ತುಟಿ ಬಾತುಕೊಂಡು ಊಟ ಸೇರದ ದಿನಗಳಿದ್ದವು. ಪಾರ್ಕಿನಲ್ಲಿ ಮೊದಲ ಸಲ ಬಸೂನು ಹಿಡಿದು ಕೂತಾಗ ತಪ್ಪು ಜಾಗದಲ್ಲಿ ಗೊರಕ್ಕೆಂದು ಸದ್ದು ಹೊರಟು ಮುಂದಿನ ಸಾಲಿನವರು ನಕ್ಕರು. ತಮ್ಮ ಎದ್ದು ನಿಂತು ಒಬ್ಬನೇ ಊದುವಾಗ ಅಣ್ಣನ ಬೆರಳುಗಳು ಬಸೂನಿನ ಮರದ ಮೇಲೆ ತಮ್ಮಷ್ಟಕ್ಕೆ ತಾವೇ ಆ ಹಾಡನ್ನು ಒತ್ತುತ್ತಿದ್ದವು. ಅದನ್ನು ಅವಳು ಕಂಡಳು.

"ನೋವಾಯ್ತಾ?" ಎಂದು ಕೇಳಿದಳು, ಮನೆಗೆ ನಡೆಯುವಾಗ.

"ಆಯ್ತು," ಎಂದ ಅವನು. ಸ್ವಲ್ಪ ದೂರ ಹೋದ ಮೇಲೆ ದೀಪದ ಕಂಬದಡಿ ನಿಂತು, ಮುಖವನ್ನು ಅವಳ ಕಡೆ ತಿರುಗಿಸಿ ನಿಧಾನವಾಗಿ ಹೇಳಿದ: "ಆದರೆ ಕೊನೆಯಲ್ಲಿ, ನಾನು ಊದಿದ ಕೂಡಲೇ, ನೀನು ಜೊತೆಯವಳ ಹತ್ತಿರ ಮಾತಾಡೋದು ಬಿಟ್ಟು ಈ ಕಡೆ ತಿರುಗಿದೆ."

ಅಷ್ಟೇ. ಮುಂದೆ ಇಬ್ಬರೂ ಆ ಸುದ್ದಿ ಎತ್ತಲಿಲ್ಲ. ಮದುವೆಯಾದವರು ಎಷ್ಟೋ ವಿಷಯವನ್ನು ಹೀಗೆ ಮುಚ್ಚಿಟ್ಟೇ ಹಂಚಿಕೊಂಡಿರುತ್ತಾರೆ.

*

ಮೈದುನನನ್ನು ಅಡುಗೆಮನೆಗೆ ಕರೆಸಿಕೊಂಡು ಅವಳು ಬಾಗಿಲು ಮುಚ್ಚಿದಳು. ಸಿಂಕಿನ ತುಂಬ ಕಾಫಿಯ ಲೋಟಗಳು. ಅವನು ಪೆಟ್ಟಿಗೆಯನ್ನು ಕೆಳಗಿಡಲಿಲ್ಲ.

"ನೀನು ಊದಲ್ಲ ಅಂದೆಯಂತೆ."

"ಯಾರು ಹೇಳಿದ್ರು ಅತ್ತಿಗೆ?"

"ನೀನೇ ಹೇಳಿದೆ, ಗೇಟಿನ ಹತ್ತಿರ. ನೋಡಿದೆ." ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾತು ಅದು. ಬಿಟ್ಟರೆ ಇನ್ನು ಹಿಂದಕ್ಕೆ ಬರುವುದಿಲ್ಲ. "ಅವರು ಕ್ಲಾರಿನೆಟ್ ಬಿಟ್ಟಿದ್ದು ನಿನಗೋಸ್ಕರ ಅಲ್ಲಪ್ಪ. ನನ್ನ ಕಿವಿಗೋಸ್ಕರ. ಅದರ ದನಿ ನನಗೆ ಆಗಲೇ ಕೇಳ್ತಿರಲಿಲ್ಲ. ಬಸೂನಾದ್ರೆ ಕೇಳ್ತಿತ್ತು."

ಮೈದುನನ ಮುಖದಲ್ಲಿ ಮೊದಲು ಬಂದದ್ದು ಸಮಾಧಾನವಲ್ಲ, ನೋವು. ಮನೆಯಲ್ಲಿ ತನಗೆಂದು ಎತ್ತಿಟ್ಟದ್ದು ಬೇರೆಯವರಿಗೆ ಎಂದು ತಿಳಿದ ಮಗುವಿನ ನೋವು.

"ಅವನ ಮುಂದೆ ಇಷ್ಟು ವರ್ಷ ತಲೆ ತಗ್ಗಿಸಿಕೊಂಡೇ ಇದ್ದೆ. ಮನೆಗೆ ಬರೋದನ್ನೂ ಕಡಿಮೆ ಮಾಡಿದೆ. ಒಂದು ಮಾತು ಹೇಳಬಾರದಿತ್ತಾ ಅವನು?"

"ಹೇಳಿದ್ರೆ ನನ್ನ ಗುಟ್ಟು ಹೊರಗೆ ಬರ್ತಿತ್ತಲ್ಲ. ಬೈಯೋದಾದ್ರೆ ನನ್ನನ್ನ ಬೈಯಿ." ಅವಳು ಹತ್ತಿರ ಬಂದಳು. "ಆದ್ರೆ ಇದನ್ನೂ ಕೇಳಿಸ್ಕೋ. ತಮ್ಮ ನನಗಿಂತ ಚೆನ್ನಾಗಿ ಊದ್ತಾನೆ ಅಂತ ಅವರೇ ಎಷ್ಟೋ ಸಲ ಹೇಳಿದಾರೆ. ಹೊಟ್ಟೆ ಉರ್ಕೊಂಡೇ ಹೇಳಿದಾರೆ. ಅದಂತೂ ನಿಜ."

ಅವನು ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟ. ಏನೋ ನೆನಪಾದವನಂತೆ ತಲೆಯೆತ್ತಿದ.

"ಹಾಗಾದ್ರೆ ಇಷ್ಟು ವರ್ಷ ನಾನು ಊದಿದ್ದು ನಿಮಗೆ..."

"ಒಂದೂ ಕೇಳಿಲ್ಲ."

"ಪ್ರತಿ ಸಲವೂ ಬಂದು, ಬಲು ಚೆಂದ ಊದಿದೆ ಕಣಯ್ಯಾ ಅಂತಿದ್ರಲ್ಲ ಅತ್ತಿಗೆ!"

"ಜನ ಚಪ್ಪಾಳೆ ತಟ್ಟೋದು ಕಾಣ್ತಿತ್ತಲ್ಲ."

ಅವನು ನಕ್ಕ. ಸಾವಿನ ಮನೆ ಎಂಬುದನ್ನೂ ಮರೆತು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳಿಗೂ ತಡೆಯಲಾಗಲಿಲ್ಲ. ಬಾಗಿಲು ತೆರೆದು ಇಣುಕಿದ ಮಗಳು, "ಚಿಕ್ಕಪ್ಪಾ, ಹೊರಗೆ ಜನ ಇದ್ದಾರೆ," ಎಂದಳು. ನಗು ಅಲ್ಲಿಗೆ ಮುರಿದು, ಅವನು ಅತ್ತಿಗೆಯ ಭುಜಕ್ಕೆ ಹಣೆಯಿಟ್ಟು ಅತ್ತ.

*

ಸ್ಮಶಾನ ಮಿಲ್ಲಿನ ಹಿಂದಿನ ದಿಬ್ಬದ ಮೇಲಿತ್ತು. ಏರುದಾರಿಯುದ್ದಕ್ಕೂ ಗುಡುಗಪ್ಪನ ಡ್ರಮ್ಮು ಅವಳ ಅಂಗಾಲಿಗೆ ಬಡಿಯುತ್ತ ಬಂತು. ಶವಪೆಟ್ಟಿಗೆಯನ್ನು ಗುಂಡಿಯ ಪಕ್ಕ ಇಳಿಸಿದಾಗ ಆ ಬಡಿತವೂ ನಿಂತಿತು. ಬ್ಯಾಂಡಿನವರು ಅರ್ಧವೃತ್ತದಲ್ಲಿ ನಿಂತರು. ಎಲ್ಲರೂ ತಲೆ ಬಗ್ಗಿಸಿದರು, ಅವಳೂ ಬಗ್ಗಿಸಿದಳು. ಹೊಸದಾಗಿ ಅಗೆದ ಮಣ್ಣಿನ ಅಂಚಿನಲ್ಲಿ ಒಂದು ಕಪ್ಪಿರುವೆ ತನಗಿಂತ ದೊಡ್ಡ ಹುಲ್ಲುಕಡ್ಡಿಯನ್ನು ಎಳೆಯುತ್ತಿತ್ತು. ಅವಳು ಅದನ್ನೇ ನೋಡುತ್ತ ಕಾದಳು. ಇರುವೆ ಒಂದು ಹೆಂಟೆ ಹತ್ತಿ ಇಳಿಯಿತು. ಇನ್ನೊಂದನ್ನೂ ಹತ್ತಿತು. ಇನ್ನೂ ಎಷ್ಟು ಹೊತ್ತು ಕಾಯುವುದು?

ಬೇರೆ ದಿನವಾಗಿದ್ದರೆ ಕಣ್ಣೆತ್ತಿ ಯಾರದಾದರೂ ಮುಖ ನೋಡಿ, ಅದಕ್ಕೆ ತಕ್ಕಂತೆ ತನ್ನ ಮುಖವನ್ನು ಹೊಂದಿಸಿಕೊಳ್ಳುತ್ತಿದ್ದಳು. ಇವತ್ತು ಅದಕ್ಕೆ ಮನಸ್ಸಾಗಲಿಲ್ಲ. ಮಗಳ ಕಡೆ ತಿರುಗಿದಳು.

"ಶುರು ಮಾಡಿದನಾ?"

ತನ್ನ ದನಿ ಎಷ್ಟು ದೊಡ್ಡದಾಗಿತ್ತೆಂದು ಅವಳಿಗೆ ಗೊತ್ತಾಗಲಿಲ್ಲ. ಆದರೆ ದಿಬ್ಬದ ಮೇಲಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಹಲವರ ಕೆನ್ನೆ ಆಗಲೇ ಒದ್ದೆಯಾಗಿತ್ತು. ಮಗಳು ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಗುಂಡಿಯ ಆಚೆ ಮೈದುನ ನಿಂತಿದ್ದ. ಕ್ಲಾರಿನೆಟ್ ತುಟಿಯಲ್ಲೇ ಇತ್ತು. ಬೆರಳುಗಳು ಮೇಲುಭಾಗದಲ್ಲಿ ಏಳುತ್ತ ಬೀಳುತ್ತ ಇದ್ದವು. ಅವನು ಊದುವುದನ್ನು ನಿಲ್ಲಿಸಲಿಲ್ಲ. ಊದುತ್ತಲೇ ಮಣ್ಣಿನ ರಾಶಿಯನ್ನು ಬಳಸಿಕೊಂಡು, ಹೆಜ್ಜೆ ತಡೆದು ತಡೆದು ಇಡುತ್ತ, ಅವಳ ಬಳಿಗೆ ಬಂದ. ಕ್ಲಾರಿನೆಟ್ಟಿನ ಬಾಯಿ ಅವಳ ಭುಜಕ್ಕೆ ತಾಗುವಷ್ಟು ಹತ್ತಿರವಾಯಿತು. ಆಗ ಅವನ ಬೆರಳುಗಳು ನಿಧಾನವಾದವು. ಒಂದರ ಹಿಂದೆ ಒಂದು ಕೆಳಕ್ಕಿಳಿದವು. ಮೇಲಿನ ತೂತು, ಅದರ ಕೆಳಗಿನದು, ಇನ್ನೂ ಕೆಳಗಿನದು. ಕೊನೆಗೆ ಒಂದು ತೂತೂ ತೆರೆದಿರಲಿಲ್ಲ. ಕಿರುಬೆರಳು ಕೂಡ ತಳದ ಕೀಲಿಯನ್ನು ಒತ್ತಿ ಹಿಡಿದಿತ್ತು. ಕ್ಲಾರಿನೆಟ್ಟಿನ ಎಲ್ಲಕ್ಕಿಂತ ತಳದ, ದಪ್ಪ ದನಿ ಅದು. ಅವನ ಕುತ್ತಿಗೆಯ ನರ ಉಬ್ಬಿತು.

ಅವಳು ಅವನ ಬೆರಳಿನಿಂದ ನೋಟ ತೆಗೆದು, ಕತ್ತು ವಾಲಿಸಿ, ಅಷ್ಟು ಜನರ ನಡುವೆ ಕಣ್ಣು ಮುಚ್ಚಿಕೊಂಡಳು.